ಬರಿಗಲ್ಲು ಬೀಸಿದ ಹಾಡು

ಬೀಸುವ ಕಲ್ಲಿಲ್ಲದೆ ತಂಗೆವ್ವಜ್ಜಿಯ ಬಾಯಿಗೆ ಹಾಡು ಬರುತ್ತಿರಲಿಲ್ಲ. ಹಾಗಾಗಿ ಧ್ವನಿಮುದ್ರಣದ ದಿನ ಆಕೆ ಕಲ್ಲನ್ನೂ ಸ್ಟುಡಿಯೋಗೆ ಹೊರಿಸಿಕೊಂಡು ಬಂದು, ಜೋಳ ಬೀಸುತ್ತಲೇ ಹಾಡಿದ್ದಳು. ಆ ವರ್ಷವೇ ಅಜ್ಜಿ ತೀರಿಕೊಂಡಳು. ಕಲ್ಲು ಅಲ್ಲೇ ಮೂಲೆಯಲ್ಲಿ ಉಳಿಯಿತು. ಕಂಪ್ಯೂಟರಿನಿಂದ ಆ ಹಾಡು ಕೇಳಿಬಂದಾಗಲೆಲ್ಲ ತನ್ನ ಗೂಟವನ್ನು ಅಜ್ಜಿಯೇ ಹಿಡಿದಂತೆ ಅದಕ್ಕೆ ಅನಿಸುತ್ತಿತ್ತು. ಅದಕ್ಕೆ ಅಷ್ಟೇ ಸಾಕಿತ್ತು.

ಒಂದು ದಿನ ಹಾಡಿಗೆ ಡೋಲು ಕೂಡಿಸಬೇಕಾಯಿತು. ಕಂಪ್ಯೂಟರಿನೊಳಗಿನ ತಾಳಯಂತ್ರ ಹಾಡನ್ನು ತಡೆದು ಹೇಳಿತು: "ನೀನು ಒಂದೆಡೆ ಎಳೆಯುತ್ತೀಯ, ಇನ್ನೊಂದೆಡೆ ಓಡುತ್ತೀಯ. ಡೋಲು ನಿನ್ನ ಜೊತೆ ಹೇಗೆ ನಡೆದೀತು?"

"ಎಳೆದಲ್ಲಿ ಅಜ್ಜಿ ಕಲ್ಲಿಗೆ ಹಿಡಿ ಜೋಳ ಹಾಕಿದ್ದಾಳೆ," ಎಂದಿತು ಹಾಡು. "ಕಾಳು ಮುಗಿದು ಕಲ್ಲು ಹಗುರಾದಲ್ಲಿ ಓಡಿದ್ದೇನೆ."

"ನನ್ನ ಲೆಕ್ಕದಲ್ಲಿ ಜೋಳವಿಲ್ಲ. ಒಂದಕ್ಷರವನ್ನೂ ಕತ್ತರಿಸುವುದಿಲ್ಲ, ಉದ್ದವಾದದ್ದನ್ನು ಕುಗ್ಗಿಸಿ, ಗಿಡ್ಡವಾದದ್ದನ್ನು ಹಿಗ್ಗಿಸುತ್ತೇನೆ, ಅಷ್ಟೇ. ಆಮೇಲೆ ಊರೆಲ್ಲ ನಿನಗೆ ಕುಣಿಯುತ್ತದೆ."

ಊರು ಕುಣಿಯುವ ಆಸೆಗೆ ಹಾಡು ಒಪ್ಪಿತು.

ಡೋಲಿನೊಡನೆ ಹಾಡು ಮೊಳಗಿತು. ಮೂಲೆಯ ಕಲ್ಲು ಕೊನೆಯವರೆಗೂ ಕಿವಿಗೊಟ್ಟು ಕೇಳಿ, "ಯಾರವ್ವ ನೀನು?" ಎಂದಿತು.

"ನಾನೇ, ತಂಗೆವ್ವಜ್ಜಿಯ ಹಾಡು!"

"ದನಿ ಅವಳದೇ. ಪದವೂ ಅವಳದೇ. ಆದರೆ ಎಲ್ಲಿಯೂ ನೀನು ಒಂದು ಹಿಡಿ ಕಾಳು ಹಾಕಲಿಲ್ಲ. ತಂಗೆವ್ವ ಎಂದೂ ಬರಿಗಲ್ಲು ಬೀಸಿದವಳಲ್ಲ."

ಮತ್ತೆ ಮೊದಲಿನಿಂದ ಶುರುವಾದಾಗ, ಹಿಡಿ ಜೋಳ ಹಾಕುವಷ್ಟು ಹೊತ್ತಾದರೂ ತಡೆದು ನಿಲ್ಲಲು ಹಾಡು ನೋಡಿತು. ಅಷ್ಟರಲ್ಲಿ ಡೋಲಿನ ಪೆಟ್ಟು ಬಿತ್ತು.