ಓದುವವರ ಮೊಳ

“ಕೇಳಿರಿ, ಹೊನ್ನಗೋಡಿನ ಪ್ರಜೆಗಳೇ, ಕೇಳಿರಿ! ‘ಕಥನಕ್ಕೆ ಬನ್ನಿ’ ಎಂದು ನೆರೆಯ ದೊರೆ ಕಳುಹಿಸಿದ ಓಲೆಯನ್ನು ಅರಮನೆಯ ಟ್ಯಾಬ್ಲೆಟ್ಟಿನ ಮಸುಕು ಪರದೆಯಲ್ಲಿ ‘ಕದನಕ್ಕೆ ಬನ್ನಿ’ ಎಂದು ಓದಿ, ಕತೆ ಕೇಳಬೇಕಾದಲ್ಲಿಗೆ ಕತ್ತಿ ಹಿಡಿದು ಹೋಗಿ ನಗೆಪಾಟಲಾಗಿದ್ದೇವೆ. ಆದ್ದರಿಂದ ಪರದೆಗಳ ಕುರಿತಾದ ಮೂರು ಒಗಟುಗಳನ್ನು ಬಿಡಿಸಿದವನಿಗೆ ಅರಮನೆಯ ಪರದೆಗಳ ಅಧಿಕಾರವನ್ನು ಕೊಟ್ಟು, ರಾಜಕುಮಾರಿ ಸುವಾಣಿಯನ್ನು ಧಾರೆಯೆರೆಯಲಾಗುವುದು. ತಪ್ಪಿದವನ ತಲೆ ಉಳಿಯದು. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಒಗಟು ಕಟ್ಟಿದವನೇ ಗೆದ್ದಂತೆ!”

ಒಗಟು ಕಟ್ಟಿದವನು ಆಸ್ಥಾನ ಪಂಡಿತ ಮತಿಸಾಗರ. ಡಂಗುರದ ಕೊನೆಯ ಸಾಲನ್ನು ಸೇರಿಸುವಂತೆ ದೊರೆ ಮಾರಭೂಪನ ಕಿವಿಯಲ್ಲಿ ಉಸುರಿದವನೂ ಅವನೇ. ಮೂರು ವರ್ಷದಿಂದ ಅವನು ಸುವಾಣಿಗೆ ವ್ಯಾಕರಣ ಕಲಿಸುತ್ತಿದ್ದ. ಆಕೆ “ಗುರುಗಳೇ” ಎಂದಾಗಲೆಲ್ಲ ಅವನಿಗೆ ಹಿತವೂ ಆಗುತ್ತಿತ್ತು, ಒಳಗೊಂದು ಮುಳ್ಳೂ ಆಡುತ್ತಿತ್ತು. ಆಕೆ ಬೇರೊಬ್ಬರೊಡನೆ ನಕ್ಕರೆ ಮುಳ್ಳು ಮಾತ್ರ ಉಳಿಯುತ್ತಿತ್ತು.

ಮೊದಲು ಬಂದವನು ಮಾಂಡಲಿಕನ ಮಗ ರಣಕೇಸರಿ. ಮತಿಸಾಗರ ಗಂಟಲು ಸರಿಪಡಿಸಿಕೊಂಡು ಕೇಳಿದ: “ಎರಡು ಹೊಲಗಳಿಗೆ ಎಣಿಸಿ ಅಷ್ಟಷ್ಟೇ ಕಾಳು ಬಿತ್ತಿದರು. ಚಿಕ್ಕ ಹೊಲ ಕಂಬಳಿಯಂತೆ ಒತ್ತಾಗಿ ತುಂಬಿತು. ದೊಡ್ಡ ಹೊಲದಲ್ಲಿ ಸಂದುಗಳೇ ಎದ್ದು ಕಂಡವು. ಮಣ್ಣೂ ಒಂದೇ, ಮಳೆಯೂ ಒಂದೇ. ದೊಡ್ಡದು ಏಕೆ ಬಡವಾಯಿತು?”

“ದೊಡ್ಡ ಪರದೆ ಬಡವಾಗುವುದುಂಟೇ? ಹಳೆಯದಾಗಿರಬೇಕು, ಬಿಸಾಡಿ!” ಎಂದ ರಣಕೇಸರಿ.

ಅವನ ತಲೆ ಹೋಯಿತೋ, ಬರಿಯ ತಲೆಗೂದಲು ಹೋಯಿತೋ ಎಂಬುದರಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಅವನು ಮರಳಿ ಬರಲಿಲ್ಲವೆಂಬುದಷ್ಟೇ ಖಚಿತ.

ಎರಡನೆಯವನು ಲ್ಯಾಪ್‌ಟಾಪ್ ಮಾರುವ ಮಣಿಭದ್ರ. ಮೊದಲನೆಯದನ್ನು ಸರಾಗವಾಗಿ ದಾಟಿ ಎರಡನೆಯದಕ್ಕೆ ಬಂದ.

“ಪುಟ್ಟದೊಂದು ಗೋಡೆ. ಇಟ್ಟಿಗೆಗಳನ್ನು ಚಿಕ್ಕದು ಮಾಡುತ್ತ, ಹೆಚ್ಚು ಹೆಚ್ಚು ಜೋಡಿಸುತ್ತ ಹೋದರು. ಗೋಡೆಯ ಮೇಲೆ ಇಟ್ಟಿಗೆಗಳಿಂದ ಮೂಡಿದ ಮಂದಿ ಚೊಕ್ಕವಾದರು, ಜೊತೆಗೆ ಕುಬ್ಜರೂ ಆದರು. ಅವರ ಚೆಲುವು ಕೆಡದಂತೆ ಎತ್ತರವನ್ನು ಮರಳಿ ಕೊಡುವುದು ಹೇಗೆ?”

“ರೆಸಲ್ಯೂಷನ್ ಇಳಿಸಿದರಾಯಿತು! ದಿನಾ ಅಂಗಡಿಯಲ್ಲಿ ಮಾಡುವುದೇ ಅದು.”

“ಎತ್ತರ ಬಂತು, ಚೆಲುವು ಕೆಟ್ಟಿತು,” ಎಂದ ಮತಿಸಾಗರ, ಭಟರ ಕಡೆ ತಿರುಗುತ್ತ. ಮನಸ್ಸಿನಲ್ಲಿ ದಿನ ಎಣಿಸಿದ: ಹುಣ್ಣಿಮೆಗೆ ಒಂದೇ ದಿನ.

ಮರುದಿನ ಬಂದವನನ್ನು ಕಂಡು ಸಭೆ ಗೊಳ್ಳೆಂದಿತು. ಪೇಟೆಯಲ್ಲಿ ಹೂ ಮಾರುವ ಗುರುಪಾದ. ಗಿರಾಕಿಗಳ ಬೇಡಿಕೆಯನ್ನು ಮೂಲೆ ಒಡೆದ ಟ್ಯಾಬ್ಲೆಟ್ಟಿನಲ್ಲಿ ಬರೆದಿಟ್ಟುಕೊಳ್ಳುವವನು.

“ಏನೋ, ತಲೆ ಭಾರವಾಯಿತೇ?” ಎಂದ ಮತಿಸಾಗರ.

“ಹೂವಿನ ಬುಟ್ಟಿ ಹೊತ್ತ ತಲೆ, ಬುದ್ಧಿ. ಅಭ್ಯಾಸವಿದೆ.”

ಸುವಾಣಿ ನಕ್ಕಳು. ಮತಿಸಾಗರನ ಒಳಗಿನ ಮುಳ್ಳು ಒಂದು ಸುತ್ತು ತಿರುಗಿತು.

ಮೊದಲ ಒಗಟಿಗೆ ಗುರುಪಾದ ಯೋಚಿಸಲೇ ಇಲ್ಲ. “ನೂರು ಮೊಗ್ಗನ್ನು ಒಂದು ಮೊಳಕ್ಕೆ ಕಟ್ಟಿದರೆ ಒತ್ತು. ಅದೇ ನೂರನ್ನು ಎರಡು ಮೊಳಕ್ಕೆ ಎಳೆದರೆ ನಾರು ಕಾಣುತ್ತದೆ. ಕಾಳುಗಳೆಂದರೆ ಪಿಕ್ಸೆಲ್ಲುಗಳು, ಪರದೆಯ ಚುಕ್ಕಿಗಳು, ಬುದ್ಧಿ. ಎರಡು ಪರದೆಗಳಲ್ಲಿ ಅಷ್ಟಷ್ಟೇ ಇದ್ದರೆ ದೊಡ್ಡದರಲ್ಲಿ ಅಕ್ಷರದ ಅಂಚು ಒರಟು.”

ಎರಡನೆಯದಕ್ಕೂ ಹೂವನ್ನೇ ಹಿಡಿದ. “ದುಂಡುಮಲ್ಲಿಗೆ ಬಿಟ್ಟು ಸೂಜಿಮಲ್ಲಿಗೆ ಹಿಡಿದರೆ ಹಾರ ನಾಜೂಕು. ಆದರೆ ಅಷ್ಟೇ ಮೊಗ್ಗಿಗೆ ನಿಲ್ಲಿಸಿದರೆ ಗಿಡ್ಡವಾಗುತ್ತದೆ. ಅದಕ್ಕೆಂದು ಸೂಜಿಮಲ್ಲಿಗೆ ಬಿಡಬೇಕೇ? ಮೊಗ್ಗು ಹೆಚ್ಚಿಸಿದರೆ ಸಾಕು. ರೆಸಲ್ಯೂಷನ್ ಹಾಗೆಯೇ ಇರಲಿ. ಒಂದೊಂದು ಅಕ್ಷರಕ್ಕೂ ಹೆಚ್ಚು ಪಿಕ್ಸೆಲ್ ಕೊಟ್ಟು ಹಿಗ್ಗಿಸಬೇಕು.”

“ಎಷ್ಟು ಚೆನ್ನಾಗಿ ಹೇಳಿದ, ಅಲ್ಲವೇ ಗುರುಗಳೇ?” ಎಂದಳು ಸುವಾಣಿ. ಮೂರು ವರ್ಷಗಳಲ್ಲಿ ತನ್ನ ಯಾವ ಪಾಠಕ್ಕೂ ಆಕೆ ಹೀಗೆ ಅಂದದ್ದು ಮತಿಸಾಗರನಿಗೆ ನೆನಪಾಗಲಿಲ್ಲ.

“ಮೂರನೆಯದು ಕೇಳು,” ಎಂದ, ದನಿ ಗಡುಸಾಯಿತು. “ಗಾತ್ರ ಸರಿ, ರೆಸಲ್ಯೂಷನ್ನೂ ಸರಿ. ಆದರೂ ಟ್ಯಾಬ್ಲೆಟ್ಟಿನಲ್ಲಿ ಹಿತವಾಗಿದ್ದ ಅಕ್ಷರ ಅಷ್ಟೇ ಎತ್ತರದಲ್ಲಿ ಲ್ಯಾಪ್‌ಟಾಪಿನ ಮೇಲೆ ಕಣ್ಣು ನೋಯಿಸಿತು. ಯಾವ ಅಂಗಡಿಯೂ ಮಾರದ, ಆದರೆ ಪ್ರತಿ ಪರದೆಯ ಎದುರಿಗೂ ಇರುವ ಮೂರನೆಯ ಅಳತೆ ಯಾವುದು?”

ಕೊರಳ ಬೆವರನ್ನು ಒರೆಸಲು ಕೈ ಎತ್ತಿದ ಗುರುಪಾದ ತನ್ನ ಮೊಣಕೈಯನ್ನೇ ನೋಡುತ್ತ ನಿಂತ.

“ಮೊಳ, ಬುದ್ಧಿ.”

ಮತಿಸಾಗರ ಮುದ್ರೆಯೊತ್ತಿ ಇಟ್ಟಿದ್ದ ಉತ್ತರ ‘ದೂರ’. ಹೂವಾಡಿಗ ಹೇಳಿದ್ದೂ ಅದನ್ನೇ ಎಂಬುದು ಅವನಿಗೆ ತಕ್ಷಣ ತಿಳಿಯಿತು. ಅದೇ ಉಸಿರಿನಲ್ಲಿ ಅವನ ಬಾಯಿ “ತಪ್ಪು” ಎಂದಿತು.

ಭಟರು ಗುರುಪಾದನ ತೋಳು ಹಿಡಿದರು.

“ನಿಲ್ಲಿ!” ಸುವಾಣಿ ಎದ್ದು ನಿಂತಳು. “ಕಣ್ಣಿಗೂ ಪರದೆಗೂ ನಡುವಿನ ದೂರವನ್ನೇ ತಾನೇ ಅವನು ಹೇಳಿದ್ದು?”

“ಮೊಳ ಯಾರದು, ರಾಜಕುಮಾರಿ? ದೊರೆಗಳದೇ, ಮಗುವಿನದೇ? ತೋಳಿಗೊಂದು ಮೊಳ. ನೆಲೆಯಿಲ್ಲದ ಅಳತೆ ಉತ್ತರವಾಗದು.”

ಭಟರ ಹಿಡಿತದಲ್ಲಿದ್ದಂತೆಯೇ ಗುರುಪಾದ ಹೇಳಿದ. “ಅದಕ್ಕೇ ಮೊಳ ಅಂದೆ, ಬುದ್ಧಿ. ‘ನಿನ್ನ ಕೈ ಮೋಟು, ಹೂ ಕಡಿಮೆ ಕೊಟ್ಟೆ’ ಎಂದು ಜಗಳ ತೆಗೆಯದ ಗಿರಾಕಿಯೇ ಇಲ್ಲ. ಆಗ ನಾನು ಹೂವನ್ನು ಅವರ ಕೈಗೇ ಕೊಟ್ಟು, ‘ನಿಮ್ಮ ಮೊಳದಲ್ಲೇ ಅಳೆದುಕೊಳ್ಳಿ ತಾಯಿ’ ಅನ್ನುತ್ತೇನೆ. ಟ್ಯಾಬ್ಲೆಟ್ಟು ಕೈಯಲ್ಲಿ, ಮೊಳ ದೂರದಲ್ಲಿ. ಲ್ಯಾಪ್‌ಟಾಪು ಮೇಜಿನ ಮೇಲೆ, ಚಾಚಿದ ತೋಳಿನಾಚೆ. ದೂರ ಹೋದಷ್ಟೂ ಅಕ್ಷರ ದೊಡ್ಡದಾಗಬೇಕು. ಎಷ್ಟೆಂದು ಓದುವವರ ತೋಳೂ ಕಣ್ಣೂ ಹೇಳಬೇಕು, ಮಾರುವವನಲ್ಲ.”

ಸಭೆಯಲ್ಲಿ ಒಬ್ಬೊಬ್ಬರೇ ಮೊಣಕೈ ಮಡಚಿ ಚಾಚಿ ನೋಡತೊಡಗಿದರು, ದೊರೆಯೂ ನೋಡಿಕೊಂಡ. “ಪಂಡಿತರೇ, ಮುದ್ರೆ ಒಡೆದು ಓದಿ.”

ಮತಿಸಾಗರ ಸುವಾಣಿಯನ್ನು ನೋಡಿದ. ಆಕೆಯ ನೋಟ ಭಟರು ಹಿಡಿದ ತೋಳಿನ ಮೇಲಿತ್ತು. ಅವನು ಓದಿದ: “ದೂರ.” ಆಮೇಲೆ, ಯಾರೂ ಕೇಳದಿದ್ದರೂ, “ಹೂವಾಡಿಗನ ಉತ್ತರ ನನ್ನದಕ್ಕಿಂತ ಮೇಲು,” ಎಂದ. ಆ ಮಾತು ಬಾಯಿಂದ ಹೊರಬೀಳುವಾಗ ಕಹಿಯಾಗಿತ್ತು.

ಒಗಟು ಗೆದ್ದವನಿಗೆ ರಾಜಕುಮಾರಿಯರು ಅಂದೇ ಒಲಿಯುತ್ತಾರೆಂಬುದು ರೂಢಿಯ ಮಾತು. ಸುವಾಣಿ ಒಂದು ತಿಂಗಳು ಕಾಲಾವಕಾಶ ಕೇಳಿದಳು, ದಿನವೂ ಗುರುಪಾದನೊಡನೆ ಮಾತಾಡಿದಳು, ಅನಂತರ ಒಪ್ಪಿದಳು. ಮದುವೆಯಾಯಿತು; ಅರಮನೆಯ ಪರದೆಗಳೆಲ್ಲ ಗುರುಪಾದನ ಅಧಿಕಾರಕ್ಕೆ ಬಂದವು.

ಅವನು ಮೊದಲು ಸರಿಪಡಿಸಿದ್ದು ಮತಿಸಾಗರನ ಮೇಜನ್ನು. ಲ್ಯಾಪ್‌ಟಾಪನ್ನು ಪಂಡಿತನ ಚಾಚಿದ ತೋಳಿನಷ್ಟು ದೂರಕ್ಕೆ ಸರಿಸಿ, ಅಕ್ಷರ ಹಿಗ್ಗಿಸಿ, ಕೈಮುಗಿದು ಹೋದ. ದಿನಾ ಸಂಜೆ ಕಾಡುತ್ತಿದ್ದ ತಲೆನೋವು ಪಾಂಡಿತ್ಯದ ಜೊತೆಗೇ ಬರುವಂಥದೆಂದು ಮತಿಸಾಗರ ಅಷ್ಟು ವರ್ಷ ನಂಬಿದ್ದ. ಅಂದು ಅದು ಬರಲಿಲ್ಲ, ಮರುದಿನವೂ ಬರಲಿಲ್ಲ. ಹುಡುಗಿಯನ್ನು ಗೆದ್ದುದಕ್ಕಾದರೂ ಅವನು ಗುರುಪಾದನನ್ನು ಮುಂದೊಂದು ದಿನ ಕ್ಷಮಿಸಿದ. ಪಾಂಡಿತ್ಯದ ಗುರುತಾಗಿದ್ದ ಆ ತಲೆನೋವನ್ನು ತೆಗೆದುಕೊಂಡು ಹೋದುದಕ್ಕೆ ಎಂದೂ ಕ್ಷಮಿಸಲಿಲ್ಲ.