ಗವಿಸಿದ್ಧ ಆರಿಸಿಕೊಂಡ ಸೆಟ್ಟು

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿ ಎರಡು ಹುಣಸೆಮರಗಳ ನಡುವೆ ಒಂದು ತಾಮ್ರದ ತಂತಿ. ಹೊಸದಾಗಿ ಬಂದವರು ಅದರ ಮೇಲೆ ಒದ್ದೆ ಪಂಚೆ ಒಣಹಾಕಿ ಬೈಸಿಕೊಳ್ಳುವುದುಂಟು. ಅದು ಅಲ್ಲಿನ ಗುರು ಮರುಳಸಿದ್ಧ ಅಜ್ಜಾರ ಹ್ಯಾಮ್ ರೇಡಿಯೊದ ಏರಿಯಲ್ಲು, ದೂರದ ದನಿ ಹಿಡಿಯುವ ತಂತಿ.

ಆ ಗುರುವಿಗೆ ಗವಿಸಿದ್ಧ ಅಂತ ಒಬ್ಬ ಶಿಷ್ಯ. ಅವನ ಬಾಯಲ್ಲಿ ಬರೀ ಪ್ರಶ್ನೆ. ತಂತಿ ಉದ್ದ ಯಾಕೆ, ಹೊತ್ತು ಮುಳುಗಿದ ಮೇಲೆ ದೂರದ ದನಿ ಹತ್ತಿರ ಬರುವುದು ಹೇಗೆ, ಒಂದೇ ಎರಡೇ! ಹಾಗೆ ಕೇಳಿ ಕೇಳಿಯೇ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸು ಮಾಡಿ ರೇಡಿಯೊದಲ್ಲಿ ಹೆಸರಿನ ಬದಲು ಹೇಳುವ ಸ್ವಂತದ್ದೊಂದು ಕರೆಸಂಕೇತವನ್ನೂ ಪಡೆದಿದ್ದ. ಅಂದಿನಿಂದ ಸ್ವಲ್ಪ ಎದೆ ಉಬ್ಬಿಸಿಯೇ ನಡೆಯುತ್ತಿದ್ದ ಅನ್ನಿ.

ಕಪಾಟಿನಲ್ಲಿ ಅಜ್ಜಾರು ಕೆಲವು ವಾಕಿಟಾಕಿ ಇಟ್ಟಿದ್ದರು. ಗವಿಸಿದ್ಧ ದಿನಾ ಅವುಗಳನ್ನು ಒರೆಸುತ್ತಿದ್ದ.

"ಅಜ್ಜಾರ, ಇವುಗಳಾಗ ಯಾವ ಸೆಟ್ಟು ಛಲೋ?"

"ಯಾವುದಕ್ಕ ಛಲೋ?"

"ಎಲ್ಲಾದಕ್ಕೂ."

ಅಜ್ಜಾರು ನಕ್ಕರು. "ಅಂಥಾದ್ದು ನಾ ಇನ್ನೂ ನೋಡಿಲ್ಲಪ್ಪ."

ಬೇಸಿಗೆಯ ಒಂದು ದಿನ, ಊಟದ ಹೊತ್ತಿಗೆ, ಅಡುಗೆಮನೆಯ ಸಂಗಮ್ಮಜ್ಜಿ ಕಾಣಿಸಲಿಲ್ಲ. ಇತ್ತೀಚೆಗೆ ಅವಳಿಗೆ ಮರೆವು. ಹೊರಟರೆ ಬಂದ ದಾರಿ ನೆನಪಿರುತ್ತಿರಲಿಲ್ಲ. ಆಶ್ರಮದ ಹಿಂದೆ ಬಂಡೆಗಳ ಗುಡ್ಡ, ಕೈ ಇಟ್ಟರೆ ಸುಡುವ ಬಂಡೆ. ನೀರಿಲ್ಲದೆ ಆ ಮುದುಕಿ ಎಷ್ಟು ಹೊತ್ತು ತಡೆದಾಳು?

ಗವಿಸಿದ್ಧ ಅಡುಗೆಮನೆಗೆ ಓಡಿದ, ಹಿತ್ತಿಲಿಗೆ ಓಡಿದ. ಅವನು ಯಾರೂ ಇಲ್ಲದವನಾಗಿ ಈ ಆಶ್ರಮಕ್ಕೆ ಬಂದ ದಿನ, ಯಾರು, ಯಾವೂರು ಅಂತ ಒಂದು ಮಾತೂ ಕೇಳದೆ, "ಉಂಡ್ಯೇನೋ?" ಅಂತ ಕೇಳಿದವಳು ಅವಳು.

ಅಜ್ಜಾರು ಸೆಟ್ಟುಗಳನ್ನೆಲ್ಲ ಚಾಪೆಯ ಮೇಲೆ ಹಾಕಿದರು. "ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗ್ರಿ. ಎಲ್ಲಾರೂ ಒಂದ ಚಾನೆಲ್ಲಿನಾಗ ಇರ್ರಿ. ಗುಂಡಿ ಒತ್ತಿದರ ನಿಮ್ಮ ಮಾತು ಹೋಗ್ತೈತಿ, ಬಿಟ್ಟರ ಬ್ಯಾರೆಯವರ ಮಾತು ಬರ್ತೈತಿ. ಅಜ್ಜಿ ಸಿಕ್ಕವರು ಹೇಳ್ರಿ, ಉಳಿದವರು ಕೇಳ್ರಿ."

ಗವಿಸಿದ್ಧ ಎಲ್ಲರಿಗಿಂತ ಮೊದಲು ಕೈ ಹಾಕಿದ. ಎಲ್ಲಕ್ಕಿಂತ ದೊಡ್ಡ ಸೆಟ್ಟು ಅವನದಾಯಿತು. ಉದ್ದದ ಏರಿಯಲ್ಲು, ಕೊರಳಪಟ್ಟಿಗೆ ಸಿಕ್ಕಿಸಿಕೊಳ್ಳಲು ಸುರುಳಿ ವೈರಿನ ಮೈಕು ಬೇರೆ. ಕೊನೆಗೆ ಉಳಿದದ್ದು ಅಂಗೈಯಗಲದ ಸಣ್ಣದೊಂದು. ಅದನ್ನು ಹುಲಿಗೆವ್ವ ಎಂಬ ಶಿಷ್ಯೆ ತೆಗೆದುಕೊಂಡಳು.

"ಗವಿ, ಅದಕ್ಕ ಎರಡು ಕಡೆ ಗುಂಡಿ ಅದಾವ. ಮೈಕಿಗೊಂದು, ಸೆಟ್ಟಿನ ಮಗ್ಗಲಿಗೊಂದು. ತೋರಿಸ್ತೀನಿ ತಡಿ," ಅಂದರು ಅಜ್ಜಾರು.

"ಗೊತ್ತೈತ್ರಿ ಅಜ್ಜಾರ. ನಾ ಪಾಸಾದವನಲ್ಲೇನು?"

"ಹಂಗೇನು? ಛಲೋ ಆತು," ಅಂದರು ಅಜ್ಜಾರು.

ಗವಿಸಿದ್ಧ ಜೋಳಿಗೆಯಲ್ಲಿ ನೀರು ತುಂಬಿದ ಮುಚ್ಚಳದ ತಂಬಿಗೆ ಇಟ್ಟ. ಅದರ ಪಕ್ಕದಲ್ಲೇ ಸೆಟ್ಟನ್ನೂ ತುರುಕಿದ. ಮೈಕು ಕೊರಳಿಗೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿದ.

ಹತ್ತುವಾಗೆಲ್ಲ ಸೆಟ್ಟು ಮಾತಾಡುತ್ತಲೇ ಇತ್ತು. ಹೊಳೆಯ ಕಡೆ ಇಲ್ರೀ ಅಂತ ಒಬ್ಬರು, ತೋಪಿನಾಗ ಇಲ್ರೀ ಅಂತ ಇನ್ನೊಬ್ಬರು. ಮೇಲೆ ಬಂದು ಎಲ್ಲ ಕಡೆ ಕಣ್ಣಾಡಿಸಿದ. ಬರೀ ಬಂಡೆ, ಬರೀ ಗಾಳಿ. ಎಲ್ಲರೂ ಜೇನುಬಂಡೆ ಅನ್ನುವ ಒಂದು ದೊಡ್ಡ ಬಂಡೆಗೆ ಒರಗಿ ಅದರ ನೆರಳಲ್ಲಿ ಕೂತ, ಜೋಳಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡ.

ಆಗಲೇ ಸೆಟ್ಟು ಸುಮ್ಮನಾಯಿತು.

"ಯಾರಾದರೂ ಕೇಳಾಕತ್ತೀರೇನು?" ಮೈಕಿನ ಗುಂಡಿ ಒತ್ತಿ ಕೇಳಿದ, ಬಿಟ್ಟ. ಉತ್ತರವಿಲ್ಲ.

ಇದೇನಿದು! ಇಷ್ಟು ಹೊತ್ತು ಚಟಪಟ ಅನ್ನುತ್ತಿದ್ದವರೆಲ್ಲ ಒಮ್ಮೆಲೇ ಎಲ್ಲಿ ಹೋದರು? ಜೋಳಿಗೆಯ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದ. ದನಿಯ ತಿರುಪು ತಿರುಗಿಸಿದ, ಚಾನೆಲ್ಲು ನೋಡಿದ, ಏರಿಯಲ್ಲು ಬಿಗಿ ಮಾಡಿದ. ಎಲ್ಲ ಸರಿಯಾಗಿತ್ತು. ಸೆಟ್ಟಿನ ನೆತ್ತಿಯ ಮೇಲೆ ಒಂದು ಕೆಂಪು ದೀಪ ಉರಿಯುತ್ತಿತ್ತು. ದೀಪ ಉರಿಯುತ್ತಿದೆ ಅಂದರೆ ಸೆಟ್ಟಿಗೆ ಜೀವ ಇದೆ, ಅಂತ ಸಮಾಧಾನ ಮಾಡಿಕೊಂಡ.

ಹಾಗಾದರೆ ಕೆಟ್ಟಿರುವುದು ಉಳಿದವರ ಸೆಟ್ಟೇ ಇರಬೇಕು.

"ಆಟದ ಸಾಮಾನು ಕೊಟ್ಟು ಕಳಿಸ್ಯಾರ ಎಲ್ಲಾರಿಗೂ," ಅಂತ ಗೊಣಗಿದ. "ಅಜ್ಜಾರ ಕಿವಿನೂ ಈಗೀಗ ಮಂದ ಆಗ್ಯಾವ. ನಾ ಒದರಿದ್ದು ಅವರಿಗೆಲ್ಲಿ ಕೇಳಬೇಕು? ಆ ಹುಲಿಗೆವ್ವ ಯಾವುದೋ ಗಿಡದ ಕೆಳಗ ಗೊರಕಿ ಹೊಡಿಯಾಕತ್ತಿರಬೇಕು."

ಅಷ್ಟರಲ್ಲಿ ಕಿವಿಯ ಹಿಂದೆ ಚುರ್ ಅಂದಿತು. "ಅಯ್ಯಯ್ಯಪ್ಪಾ! ಸುಡುಗಾಡು ಜೇನು! ಕೂಡಾಕ ನನಗ ಜೇನುಬಂಡಿನ ಸಿಗಬೇಕಾ?"

ಕರೆದ. ಮತ್ತೆ ಕರೆದ. ಹೊತ್ತು ಹೋಯಿತು. ಗೊಣಗುವುದಕ್ಕೂ ಏನೂ ಉಳಿಯಲಿಲ್ಲ.

"ಸಂಗಮ್ಮವ್ವಾ, ಎಲ್ಲಿ ಅದೀಯ?" ಅಂದ, ತನ್ನಷ್ಟಕ್ಕೆ ತಾನೇ. "ನಿನ್ನ ಬಿಟ್ಟರ ನನಗ ಯಾರ ಅದಾರ?" ಅಷ್ಟು ದೊಡ್ಡ ಆಳು ಬಂಡೆಗೆ ಒರಗಿ ಗಳಗಳ ಅತ್ತ.

ಕಲ್ಲು ಸರಿದ ಸದ್ದಾಯಿತು. ನೋಡಿದರೆ ಅಜ್ಜಾರು! ಕೋಲೂರಿಕೊಂಡು, ಏದುಸಿರು ಬಿಡುತ್ತ, ಮೊಣಕಾಲು ನೋವಿನ ಆ ಮನುಷ್ಯ ಗುಡ್ಡ ಹತ್ತಿ ಬಂದಿದ್ದರು.

ಗವಿಸಿದ್ಧ ಗಡಬಡಿಸಿ ಕಣ್ಣೊರೆಸಿಕೊಂಡ. "ಅಜ್ಜಾರ, ನೀವ್ಯಾಕ ಬಂದ್ರಿ? ಒಬ್ಬರೂ ಉತ್ತರ ಕೊಡವಲ್ಲರು ನೋಡ್ರಿ. ಯಾರ ಸೆಟ್ಟೂ ನೆಟ್ಟಗಿಲ್ಲ. ಏನಾಗೈತಿ ಅಂತ ತಿಳಿವಲ್ಲದು."

ಅಜ್ಜಾರು ಕೋಲನ್ನು ಬಂಡೆಗೆ ಒರಗಿಸಿದರು. ಅವನ ಪಕ್ಕ ಕೂತರು. ಜೋಳಿಗೆಯೊಳಗೆ ಕೈ ಇಳಿಬಿಟ್ಟು, ಸೆಟ್ಟಿನ ಮಗ್ಗಲಿನ ಗುಂಡಿಯನ್ನು ಒತ್ತಿಕೊಂಡು ಕೂತಿದ್ದ ತಂಬಿಗೆಯನ್ನು ಸ್ವಲ್ಪ ಆಚೆ ಸರಿಸಿದರು.

ಕೆಂಪು ದೀಪ ಆರಿತು.

ಮರುಕ್ಷಣವೇ ಸೆಟ್ಟು ಬಾಯಿ ಬಿಟ್ಟಿತು. ಹುಲಿಗೆವ್ವನ ದನಿ. ಕೂಗಿ ಕೂಗಿ ಆ ದನಿ ಬಿದ್ದುಹೋಗಿತ್ತು.

"...ಜೇನುಬಂಡಿ ಕೆಳಗ, ಕಣಿವ್ಯಾಗ. ಅಜ್ಜಿ ಸಿಕ್ಕಾಳ್ರಿ. ಮಾತು ನಿಂತೈತಿ. ನೀರು ತರ್ರಿ. ಯಾರಾದರೂ ಕೇಳ್ರೋ, ನೀರು ತರ್ರಿ!"

ಜೇನುಬಂಡೆ! ಅವನು ಒರಗಿದ್ದದ್ದೇ ಆ ಬಂಡೆಗೆ.

ಗವಿಸಿದ್ಧ ತಂಬಿಗೆ ಕಿತ್ತುಕೊಂಡು ಓಡಿದ. ಜಾರಿದ, ಮೊಣಕೈ ಕೆತ್ತಿತು, ತಂಬಿಗೆ ಮಾತ್ರ ಬಿಡಲಿಲ್ಲ. ಕೆಳಗಿನ ಕಣಿವೆಯ ಸಂದಿಯಲ್ಲಿ ಹುಲಿಗೆವ್ವ ತನ್ನ ಸೆರಗಿನ ನೆರಳಲ್ಲಿ ಅಜ್ಜಿಯನ್ನು ಮಲಗಿಸಿಕೊಂಡು ಕೂತಿದ್ದಳು.

ತುಟಿಗೆ ಹನಿಹನಿ ನೀರು ಬಿಟ್ಟರು. ಹಣೆ ತೋಯಿಸಿದರು. ಮೊದಲು ನೀರು ಗಲ್ಲದ ಮೇಲೆ ಹರಿದುಹೋಯಿತು. ಆಮೇಲೆ ಗಂಟಲು ಅಲ್ಲಾಡಿತು. ಇನ್ನೊಂದು ಗುಟುಕು. ಮುದುಕಿ ಕಣ್ಣು ಬಿಟ್ಟಳು, ಎದುರಿಗಿದ್ದ ಮುಖವನ್ನು ಬಹಳ ಹೊತ್ತು ನೋಡಿದಳು.

"ಉಂಡ್ಯೇನೋ, ಗವಿ?" ಅಂದಳು.

ಹುಲಿಗೆವ್ವ ಅತ್ತಳು, ನಕ್ಕಳು, ಆಮೇಲೆ ಅವನ ಭುಜಕ್ಕೆ ಒಂದು ಗುದ್ದಿದಳು. "ಎಷ್ಟು ಒದರಿದೆನೋ ಮಾರಾಯಾ! ನಿನ್ನ ದೊಡ್ಡ ಸೆಟ್ಟು ಬಿಡುವಿಲ್ಲದ ಒದರಾಕತ್ತಿತ್ತು. ಅದರಾಗ ನನ್ನ ಸಣ್ಣ ದನಿ ಯಾರಿಗೆ ಕೇಳಬೇಕು? ಅಜ್ಜಿನ ಬಿಟ್ಟು ಏಳಾಕೂ ಆಗಲಿಲ್ಲ. ಗೊರಕಿ ಹೊಡಿಯಾಕತ್ತಾಳಂತ!"

ಸುದ್ದಿ ಕೇಳಿ ಓಡಿಬಂದ ಉಳಿದವರೂ ಸೇರಿ ಅಜ್ಜಿಯನ್ನು ಕಂಬಳಿಯಲ್ಲಿ ಹೊತ್ತು ತಂದರು. ದಾರಿಯುದ್ದಕ್ಕೂ ಗವಿಸಿದ್ಧ ತಲೆ ಎತ್ತಲಿಲ್ಲ. ಎದುರಾದವರೆಲ್ಲ ಅವನ ಕಿವಿ ನೋಡಿ, ಜೇನು ಭಾಳ ಕಡಿತೇನೋ ಅಂತ ಕೇಳುತ್ತಿದ್ದರು.

ಸಂಜೆ ಅಜ್ಜಾರು ಜಗಲಿಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಗವಿಸಿದ್ಧ ಬಂದು ಎಣ್ಣೆಯ ಬಟ್ಟಲು ತೆಗೆದುಕೊಂಡು ತಾನೇ ತಿಕ್ಕತೊಡಗಿದ.

"ಅಜ್ಜಾರ, ನಾ ಎಲ್ಲಿ ಅದೀನಿ ಅಂತ ಹೆಂಗ ಗೊತ್ತಾತ್ರಿ?"

"ಜೇನುಬಂಡಿಗೆ ಬೈದೆಲ್ಲೋ."

"ಅಂದರ, ಉಳಿದದ್ದೂ ಕೇಳಿಸ್ತೇನ್ರಿ?"

"ಮಂದ ಕಿವಿಗೆ ಎಷ್ಟು ಕೇಳಬೇಕೋ ಅಷ್ಟು ಕೇಳಿಸ್ತು."

ಗವಿಸಿದ್ಧನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಾರ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ಅವನಿಗೆ ಇನ್ನೂ ಕಷ್ಟವಾಯಿತು.

"ಒಂದು ತಿಳಿವಲ್ಲದು ಅಜ್ಜಾರ. ಯಾಕ ಯಾರೂ ಮಾತಾಡವಲ್ಲರು ಅಂತ ಎಲ್ಲಾ ತಪಾಸ ಮಾಡಿದೆ. ತಿರುಪು ನೋಡಿದೆ, ಏರಿಯಲ್ಲು ನೋಡಿದೆ. ನನ್ನ ಸೆಟ್ಟಿನ ಗುಂಡಿನ ಒತ್ತೈತಿ ಅನ್ನೋದೊಂದು ಯಾಕ ಹೊಳಿಲಿಲ್ಲ?"

"ನನಗೂ ಒಮ್ಮೆ ಹೊಳೆದಿರಲಿಲ್ಲ," ಅಂದರು ಅಜ್ಜಾರು. "ಎಡಗಾಲಿಗೂ ಸ್ವಲ್ಪ ತಿಕ್ಕು."

ತಿಕ್ಕಿ ಮುಗಿಸಿ ಗವಿಸಿದ್ಧ ಒಳಗೆ ಹೋದ. ದೊಡ್ಡ ಸೆಟ್ಟನ್ನು ತಂದು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟ.

"ಇದು ಬ್ಯಾಡ್ರಿ ಅಜ್ಜಾರ. ಇನ್ನ ಮ್ಯಾಲೆ ನನಗ ಆ ಹುಲಿಗೆವ್ವನ ಸಣ್ಣ ಸೆಟ್ಟು ಕೊಡ್ರಿ, ಸಾಕು."

ಅಜ್ಜಾರು ಸೆಟ್ಟನ್ನು ಎತ್ತಿಕೊಂಡರು. ಪಂಚೆಯ ಅಂಚಿನಿಂದ ಧೂಳು ಒರೆಸಿದರು. ತಿರುಗಿ ಅವನ ಕೈಗೇ ಇಟ್ಟರು.

"ಸಣ್ಣದಕ್ಕೂ ಗುಂಡಿ ಐತಲ್ಲೋ, ತಮ್ಮಾ."