ಕನ್ನಡಿಯ ಮೇಲಿನ ಬೊಟ್ಟು

ಬಸದಿಯಲ್ಲಿ ಗ್ರಂಥಗಳನ್ನು ಪೂಜಿಸುವ ಶ್ರುತಪಂಚಮಿಗೆ ಇನ್ನು ಎರಡು ದಿನಗಳಿದ್ದವು. ಮಧ್ಯಾಹ್ನದ ಪಾಠ ಮುಗಿದು ಉಳಿದ ಶಿಷ್ಯರೆಲ್ಲ ಎದ್ದುಹೋದ ಮೇಲೆ, ಸುಲೋಚನೆಯು ಛಾಯಾಗ್ರಹಣದ ಗುರು ಪದ್ಮರಾಜಯ್ಯನವರ ಮುಂದೆ ಕ್ಯಾಮೆರಾದ ಎರಡು ಮಸೂರಗಳನ್ನಿಟ್ಟು ಕೇಳಿದಳು:

“ಗುರುಗಳೇ, ಈ ಎರಡರಲ್ಲಿ ಯಾವುದನ್ನು ಒಯ್ಯಲಿ?”

ಪ್ರಶ್ನೆ ಸಣ್ಣದಾಗಿರಲಿಲ್ಲ. ಬಸದಿಯ ಭಂಡಾರದಲ್ಲಿ ಚಿತ್ರಗಳಿರುವ ಓಲೆಗರಿಯ ಗ್ರಂಥವೊಂದಿತ್ತು. ಅದರ ಕಟ್ಟನ್ನು ವರ್ಷಕ್ಕೊಮ್ಮೆ, ಶ್ರುತಪಂಚಮಿಯಂದು ಮಾತ್ರ ಬಿಚ್ಚುತ್ತಿದ್ದರು. ಗರಿಗಳು ಅಂಚಿನಲ್ಲಿ ಪುಡಿಯಾಗತೊಡಗಿದ್ದರಿಂದ, ಈ ವರ್ಷ ಬಿಚ್ಚಿ ಕಟ್ಟಿದ ಮೇಲೆ ಇನ್ನೆಂದಿಗೂ ಬಿಚ್ಚಕೂಡದೆಂದು ಹಿರಿಯರು ನಿಶ್ಚಯಿಸಿದ್ದರು. ಎಣ್ಣೆಯ ದೀಪವಲ್ಲದೆ ಬೇರೆ ಬೆಳಕು ಸಲ್ಲದು. ಕೈಯಲ್ಲಿರುವ ಕ್ಯಾಮೆರಾದ ಹೊರತು ಬೇರೇನನ್ನೂ, ಎರಡನೆಯ ಮಸೂರವನ್ನೂ, ಒಳಗೆ ತರುವಂತಿಲ್ಲ. ಆ ದಿನ ಸುಲೋಚನೆಯ ಚಿತ್ರದಲ್ಲಿ ಉಳಿದದ್ದು ಉಳಿಯಿತು. ಉಳಿಯದ್ದನ್ನು ಮುಂದೆ ಯಾರೂ ಕಾಣುವಂತಿರಲಿಲ್ಲ.

ಎರಡೂ ಐವತ್ತು ಮಿಲಿಮೀಟರಿನ ಮಸೂರಗಳೇ. ಒಂದರ ಅಂಕಿ ಒಂದು ಪಾಯಿಂಟ್ ನಾಲ್ಕು, ಇನ್ನೊಂದರದು ಒಂದು ಪಾಯಿಂಟ್ ಎರಡು. ಈ ವಿದ್ಯೆಯಲ್ಲಿ ಅಂಕಿ ಕಿರಿದಾದಷ್ಟೂ ಮಸೂರದ ಕಣ್ಣು ಹಿರಿದು. ಕಣ್ಣು ಹಿರಿದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಹಿರಿಗಣ್ಣಿನದು ಹೊಸದು. ದಾನಿಯೊಬ್ಬರು ಹಿಂದಿನ ತಿಂಗಳು ಕೊಟ್ಟದ್ದು. ಗೋಡೆಗೆ ವೃತ್ತಪತ್ರಿಕೆಯನ್ನು ಅಂಟಿಸಿ ಇಪ್ಪತ್ತು ದಿನ ಅದನ್ನು ಪರೀಕ್ಷಿಸಿದ್ದಳು. ಒಂದಕ್ಷರವೂ ಮಸುಕಾಗಿರಲಿಲ್ಲ. ಇನ್ನೊಂದು ಹಳೆಯದು, ಆರು ವರ್ಷಗಳಿಂದ ಅವಳ ಕೈಯಲ್ಲಿದ್ದುದು. ಕಳೆದ ಚಾತುರ್ಮಾಸ್ಯದಲ್ಲಿ ಮುನಿಮಹಾರಾಜರ ಚಿತ್ರವನ್ನು ಅದರಲ್ಲೇ ತೆಗೆದಿದ್ದಳು. ಅವರು ಮುಂದೆ ಹಿಡಿದಿದ್ದ ನವಿಲುಗರಿಯ ಪಿಂಛಿ ಗರಿಗರಿಯಾಗಿ ಸ್ಫುಟವಾಗಿ ಬಂದು, ಮುಖ ಮಬ್ಬಾಗಿಹೋಗಿತ್ತು. ಬೀದಿಯವರು ಒಂದು ವಾರ ಅವಳನ್ನು ಕಂಡಲ್ಲೆಲ್ಲ ಕೈಮುಗಿದು “ಪಿಂಛಿಗೆ ನಮೋಸ್ತು” ಎಂದು ನಕ್ಕಿದ್ದರು.

ಗುರುಗಳು ಮಸೂರಗಳನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಶಿಲ್ಪಿಯಿದ್ದನು. ಎಪ್ಪತ್ತರ ವಯಸ್ಸಿನಲ್ಲಿ ಅವನು ತನ್ನ ಕೊನೆಯ ಬಿಂಬವನ್ನು ಕಡೆದನು. ಇನ್ನು ಬಿಂಬಕ್ಕೆ ಕಣ್ಣು ತೆರೆಯುವುದೊಂದು ಉಳಿದಿತ್ತು. ಆ ಸೀಮೆಯಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಹೊಸದಾಗಿ ತೆರೆದ ಕಣ್ಣು ಮೊದಲು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕೆ ಮುಂಚೆ ಮನುಷ್ಯರು ಯಾರೂ ಆ ಮುಖವನ್ನು ನೋಡಕೂಡದು. ಶಿಲ್ಪಿಯಾದರೋ ಚಿನ್ನದ ಸೂಜಿಯ ಮೊನೆಯನ್ನಷ್ಟೇ ನೋಡುತ್ತ ರೇಖೆ ಎಳೆದು, ಒಡನೆಯೇ ಮುಖ ತಿರುಗಿಸಿ ಹೊರಡಬೇಕು; ಮತ್ತೆ ಆ ಗರ್ಭಗೃಹದ ಮುಂದೆ ನಿಲ್ಲಕೂಡದು. ನಲವತ್ತು ಬಿಂಬಗಳಿಗೆ ಅವನು ಕಣ್ಣು ಕೊಟ್ಟಿದ್ದನು. ಅವುಗಳಲ್ಲಿ ಒಂದೂ ಅವನನ್ನು ನೋಡಿರಲಿಲ್ಲ.

ಈಗ ಅವನ ಕಣ್ಣಿಗೇ ಪೊರೆ ಬರುತ್ತಿತ್ತು. ಅವನು ಊರ ಹಿರಿಯರಲ್ಲಿಗೆ ಹೋಗಿ, ಕನ್ನಡಿಯಲ್ಲಿ ಬಿಂಬವು ತನ್ನನ್ನು ನೋಡಿಕೊಳ್ಳುವ ಗಳಿಗೆಯನ್ನು ಚಿತ್ರ ತೆಗೆಸಿಕೊಡಬೇಕು, ತನ್ನ ದೃಷ್ಟಿ ಆರುವ ಮೊದಲು ಒಂದು ಮುಖವನ್ನಾದರೂ ಕಾಣಬೇಕು ಎಂದು ಬೇಡಿದನು. ಹಿರಿಯರು ಬಹಳ ಹೊತ್ತು ಜಿಜ್ಞಾಸೆ ಮಾಡಿ ಒಪ್ಪಿದರು. ಘಂಟೆ ಒಮ್ಮೆ ಮೊಳಗುವುದು. ಆಗ ಒಂದೇ ಚಿತ್ರ. ಕ್ಯಾಮೆರಾ ನೋಡಬಹುದು, ಅದನ್ನು ಹಿಡಿದವನು ತಲೆ ತಗ್ಗಿಸಬೇಕು.

ಒಬ್ಬನನ್ನು ನೆಚ್ಚುವುದು ಬೇಡವೆಂದು ಇಬ್ಬರು ಛಾಯಾಗ್ರಾಹಕರನ್ನು ಕರೆಸಿದರು. ಒಬ್ಬನು ಪಟ್ಟಣದವನು. ಆ ನಾಡಿನಲ್ಲಿ ಅವನಲ್ಲಿದ್ದುದಕ್ಕಿಂತ ಹಿರಿಗಣ್ಣಿನ ಮಸೂರ ಬೇರೊಬ್ಬರಲ್ಲಿ ಇರಲಿಲ್ಲ. ಇನ್ನೊಬ್ಬನು ಅದೇ ಊರಿನವನು. ಅವನಲ್ಲಿದ್ದುದು ಒಂದೇ ಮಸೂರ. ಕಣ್ಣು ಸ್ವಲ್ಪ ಕಿರಿದು. ಕೊಂಡು ಹದಿನೈದು ವರ್ಷವಾಗಿತ್ತು.

ಹಿಂದಿನ ದಿನವೇ ಇಬ್ಬರಿಗೂ ಜಾಗ ತೋರಿಸಿದರು. ಮುಸುಕು ಹೊದಿಸಿದ ಬಿಂಬ. ಅದರ ಎದುರು ಬೆಳ್ಳಿಯ ಚೌಕಟ್ಟಿನ ಕನ್ನಡಿ. ಬಿಂಬದ ಹೆಗಲಿನ ಹಿಂದೆ ಆಚೆಗೊಬ್ಬ, ಈಚೆಗೊಬ್ಬ. ಮರುದಿನ ತಲೆ ತಗ್ಗಿಸಿಯೇ ಚಿತ್ರ ತೆಗೆಯಬೇಕಾದ್ದರಿಂದ ದೂರವನ್ನು ಅಳೆದು ಮಸೂರವನ್ನು ಮೊದಲೇ ಹೊಂದಿಸಿಡಬೇಕಿತ್ತು. ಪಟ್ಟಣದವನು ತನ್ನ ಕ್ಯಾಮೆರಾದಿಂದ ಕನ್ನಡಿಯವರೆಗೆ ಅಳತೆಯ ಪಟ್ಟಿಯನ್ನು ಹಿಡಿದನು. ಆರು ಅಡಿ. ಮಸೂರದ ಮೇಲಿನ ದೂರದ ಬಳೆಯನ್ನು ಆರಕ್ಕೆ ತಿರುಗಿಸಿ ನಿಲ್ಲಿಸಿದನು. ಊರವನೂ ಹಾಗೆಯೇ ಅಳೆದನು. ಅವನಿಗೂ ಆರೇ ಬಂದಿತು. ಆಮೇಲೆ ಅವನು ಎದ್ದುಹೋಗಿ ಕನ್ನಡಿಯಿಂದ ಬಿಂಬದ ಮುಖದವರೆಗೂ ಅಳೆದನು. ನಾಲ್ಕು ಅಡಿ. ಮರಳಿ ಬಂದು ಬಳೆಯನ್ನು ಹತ್ತಕ್ಕೆ ತಿರುಗಿಸಿದನು.

ಪಟ್ಟಣದವನು ಅದನ್ನು ಕಂಡು, “ಏನಯ್ಯಾ, ಕನ್ನಡಿಯ ಬೆನ್ನಿಗೆ ಗೋಡೆಯಿದೆಯಲ್ಲ. ಗೋಡೆಯನ್ನು ತೂರಿ ಆಚೆಮನೆಯವರ ಚಿತ್ರ ತೆಗೆಯುತ್ತೀಯೋ?” ಎಂದನು.

ಊರವನು ಬಳೆಯನ್ನು ಹತ್ತರಲ್ಲೇ ಬಿಟ್ಟನು.

ಬೆಳಗ್ಗೆ ಶಿಲ್ಪಿಯು ರೇಖೆ ಎಳೆದನು; ಮುಖ ತಿರುಗಿಸಿ ಹೊರಟುಹೋದನು. ಕನ್ನಡಿಯ ಮೇಲಿನ ವಸ್ತ್ರವನ್ನು ಸರಿಸಿದರು. ಘಂಟೆ ಮೊಳಗಿತು. ಇಬ್ಬರೂ ತಲೆ ತಗ್ಗಿಸಿ ಗುಂಡಿ ಒತ್ತಿದರು.

ಮೂರನೆಯ ದಿನ ಚಿತ್ರಗಳು ಬಂದವು. ಪಟ್ಟಣದವನ ಚಿತ್ರದಲ್ಲಿ ಬೆಳಕು ತುಂಬಿತ್ತು. ಕನ್ನಡಿಯ ಚೌಕಟ್ಟಿನ ಬೆಳ್ಳಿಯ ಹೂಗಳನ್ನು ಎಸಳೆಸಳಾಗಿ ಎಣಿಸಬಹುದಾಗಿತ್ತು. ಕನ್ನಡಿಯೊಳಗೆ ಬರೀ ಮಂಜು. ಅವನ ಮಸೂರ ಸುಳ್ಳಾಡಿರಲಿಲ್ಲ. ಆರು ಅಡಿಯಲ್ಲಿ ನೋಡು ಎಂದರೆ ಆರು ಅಡಿಯಲ್ಲಿಯೇ ನೋಡಿತು. ಕಣ್ಣು ಹಿರಿದಾದಷ್ಟೂ ಅದಕ್ಕೆ ಸ್ಫುಟವಾಗಿ ಕಾಣುವ ನೆಲ ಕಿರಿದು. ದೂರದಲ್ಲಿ ಒಂದು ಗೇಣು ತಪ್ಪಿದರೂ ಅದು ಕ್ಷಮಿಸುವುದಿಲ್ಲ.

ಊರವನ ಚಿತ್ರದಲ್ಲಿ ಚೌಕಟ್ಟು ಹೊಗೆಯಂತೆ ಕರಗಿಹೋಗಿತ್ತು. ಅದರ ನಡುವೆ ಎರಡು ಕಣ್ಣುಗಳು ತೆರೆದಿದ್ದವು.

ಶಿಲ್ಪಿಯು ಅದನ್ನು ಜಗುಲಿಯ ಬಿಸಿಲಿಗೆ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದನು. ಕಡೆಗೆ ಅವನು, “ಎಡಗಣ್ಣಿನ ಕೊನೆಯಲ್ಲಿ ಸೂಜಿ ಒಂದೆಳೆ ಹೆಚ್ಚು ಓಡಿದೆ” ಎಂದನು.

ಹಿರಿಯರ ಮುಖ ಬಾಡಿತು. ಶಿಲ್ಪಿ ಮಾತ್ರ ನಕ್ಕನು. ನಲವತ್ತು ಬಿಂಬಗಳಲ್ಲಿ ತನ್ನ ಕೈ ಎಲ್ಲಿ ಜಾರಿತೆಂದು ಅವನಿಗೆ ತಿಳಿದಿರಲಿಲ್ಲ, ನಲವತ್ತೊಂದನೆಯದರಲ್ಲಿ ತಿಳಿಯಿತು. ತಪ್ಪು ಕಾಣುವಷ್ಟು ಸ್ಫುಟವಾಗಿ ತನ್ನ ಕೆಲಸವನ್ನು ಕಂಡ ಶಿಲ್ಪಿ ಆ ಸೀಮೆಯಲ್ಲಿ ಅವನೊಬ್ಬನೇ. ಅವನು ಚಿತ್ರವನ್ನು ತಲೆಯ ಮೇಲೆ ಹೊತ್ತು ಬೀದಿಗಿಳಿದನು. ಮನೆಮನೆಯ ಮುಂದೆ ನಿಂತು, ಎಡಗಣ್ಣನ್ನು ನೋಡಿರೆಂದು ಬೆರಳಿಟ್ಟು ತೋರಿಸಿದನು. ವಾದ್ಯದವರು ಯಾರೂ ಕರೆಯದೆ ಹಿಂದೆ ಬಂದರು. ಊರು ಊರೇ ಹೊರಟಿತು.

ಆ ಗದ್ದಲದ ನಡುವೆ ಪಟ್ಟಣದವನು ಊರವನ ಪಕ್ಕಕ್ಕೆ ಬಂದು, ಹತ್ತು ಅಡಿಯೆಂದು ನಿನಗೆ ಕಲಿಸಿದ ಗುರು ಯಾರೆಂದು ಕೇಳಿದನು.

“ನನ್ನ ತಂಗಿಯ ಬೊಟ್ಟು” ಎಂದನು ಊರವನು.

ಅವನು ಆ ಮಸೂರವನ್ನು ಕೊಂಡ ವರ್ಷ ತಂಗಿಯ ಮದುವೆಯಾಗಿತ್ತು. ಕನ್ನಡಿಯ ಮುಂದೆ ಕುಳಿತ ಮದುವಣಗಿತ್ತಿಯ ಚಿತ್ರವನ್ನು ಕನ್ನಡಿಯಲ್ಲೇ ತೆಗೆಯಲು ಹೋದನು. ಹೆಂಗಸರು ಸ್ನಾನಕ್ಕೆ ಹೋಗುವಾಗ ಹಣೆಯ ಬೊಟ್ಟನ್ನು ಬಿಡಿಸಿ ಕನ್ನಡಿಗೆ ಅಂಟಿಸಿಡುವುದುಂಟು. ಅಂಥದೊಂದು ಬೊಟ್ಟು ಅಲ್ಲಿತ್ತು. ಅವನು ಕನ್ನಡಿಯವರೆಗೆ ಅಳೆದನು. ಚಿತ್ರದಲ್ಲಿ ಬೊಟ್ಟು ಉದಯದ ಸೂರ್ಯನಂತೆ ಬಂದಿತ್ತು, ತಂಗಿ ಮಂಜಾಗಿದ್ದಳು. ಅವಳ ಅತ್ತೆ ಅದನ್ನು ನೆಂಟರೆದುರಿಗೆ ಹಿಡಿದು, ನಾವು ಮನೆ ತುಂಬಿಸಿಕೊಂಡದ್ದು ಹುಡುಗಿಯನ್ನೋ ಬೊಟ್ಟನ್ನೋ ಎಂದು ಕೇಳಿದಳು. ಮೂರು ವರ್ಷ ಅವನು ಆ ಮನೆಯಲ್ಲಿ ತಲೆಯೆತ್ತಿ ಉಣ್ಣಲಿಲ್ಲ. ಅಂದಿನಿಂದ ಕ್ಷೌರದಂಗಡಿಯಲ್ಲಿ, ದರ್ಜಿಯ ಅಂಗಡಿಯಲ್ಲಿ, ಕಂಡ ಕಂಡ ಕನ್ನಡಿಯ ಮುಂದೆ ಅದೇ ಮಸೂರವನ್ನಿಟ್ಟು ಅಳೆದನು. ಕನ್ನಡಿಯಲ್ಲಿ ಕಾಣುವುದು ಕನ್ನಡಿಯಲ್ಲಿಲ್ಲ. ಮುಖವು ಕನ್ನಡಿಗೆ ಎಷ್ಟು ಈಚೆಗಿದೆಯೋ ಅಷ್ಟೇ ಆಚೆಗೆ ಕಾಣುವುದೆಂದು ಅರಿತನು.

ಪಟ್ಟಣದವನು ತನ್ನ ಮಸೂರವನ್ನು ಬಹಳ ಹೊತ್ತು ನೋಡಿದನು. ಅದರಲ್ಲಿ ಅಂದಿನವರೆಗೆ ಅವನ ಒಂದು ಚಿತ್ರವೂ ಕೆಟ್ಟಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸುಲೋಚನೆಗೆ ಸಂಶಯ ತೀರಲಿಲ್ಲ.

“ಹಾಗಾದರೆ ಹಳೆಯ ಮಸೂರವೇ ಮೇಲೆಂದು ತಮ್ಮ ಅಭಿಪ್ರಾಯವೇ?”

“ಮೇಲಾದುದು ಹೊಸದೇ ತಾಯೀ, ಆದರೆ ಇವೆರಡರಲ್ಲಿ ನಿನ್ನ ಮಾನ ಕಳೆದದ್ದು ಯಾವುದು?”

ಸುಲೋಚನೆ ಹಳೆಯ ಮಸೂರವನ್ನು ಕೈಗೆತ್ತಿಕೊಂಡಳು.

ಶ್ರುತಪಂಚಮಿಯಂದು ಅವಳು ಹಳೆಯದನ್ನು ಒಯ್ದಳು. ದೀಪದ ಬೆಳಕಿನಲ್ಲಿ ಎಪ್ಪತ್ತೆರಡು ಗರಿಗಳ ಚಿತ್ರವನ್ನೂ ತೆಗೆದಳು, ಒಂದೂ ಮಸುಕಾಗಲಿಲ್ಲ. ಕಡೆಯ ಗರಿಯಲ್ಲಿ, ಹಿಂದಿನ ಚಿತ್ರಗಾರನ ಕುಂಚದಿಂದ ಉದುರಿದ ಕೂದಲೊಂದು ಬಣ್ಣದಲ್ಲಿ ಅಂಟಿಕೊಂಡಿದ್ದುದೂ ಕಂಡಿತು. ಅದುವರೆಗೆ ಅದನ್ನು ಯಾರೂ ಕಂಡಿರಲಿಲ್ಲ. ಬೀದಿಯಲ್ಲಿ ಪಿಂಛಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಹೊಸ ಮಸೂರವನ್ನು ಅವಳು ಮೂಲೆಗಿಡಲಿಲ್ಲ. ಮರುದಿನವೇ ಗೋಡೆಯ ವೃತ್ತಪತ್ರಿಕೆಯನ್ನು ಕಿತ್ತುಹಾಕಿ, ಮಸೂರವನ್ನು ಹಿಡಿದು ಬೀದಿಗೆ ಹೋದಳು. ಅದರಲ್ಲಿ ಕೆಟ್ಟ ಚಿತ್ರಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟಳು. ಒಂದು ವರ್ಷಕ್ಕೆ ಪೆಟ್ಟಿಗೆ ತುಂಬಿತು. ಆಮೇಲೆ ದೊಡ್ಡ ಕೆಲಸಗಳಿಗೂ ಆ ಮಸೂರವನ್ನೇ ಒಯ್ಯತೊಡಗಿದಳು.